ಕೆಡವಿದವರು ಯಾರು, ಕೆಟ್ಟದ್ದು ಹೇಗೆ

ಮಳೆಗಾಲ ಮುಗಿದು ಹೊಳೆಯ ನೀರು ತಿಳಿಯಾಗುವ ಹೊತ್ತಿನಲ್ಲಿ ನಾವು ಅಕ್ಕನ ಮಗನನ್ನು ಕರೆದುಕೊಂಡು ಮಿರ್ಜಾನ್ ಕೋಟೆಗೆ ಹೋಗಿದ್ದೆವು. ಭಟ್ಕಳದಿಂದ ಹೊರಟು, ಹೊನ್ನಾವರದಲ್ಲಿ ಶರಾವತಿ ದಾಟಿ, ಕುಮಟೆಯಲ್ಲಿ ಚಹಾ ಕುಡಿದು, ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಕೋಟೆ ಸಿಗುತ್ತದೆ. ಚಿರೆಕಲ್ಲಿನ ಗೋಡೆಗಳ ತುಂಬ ಹಸಿರು ಪಾಚಿ. ಕಲ್ಲಿನ ಸಂದಿಯಿಂದ ಇಣುಕುವ ಜರಿಗಿಡಗಳು. ಹುಡುಗ ಒಂಬತ್ತನೇ ತರಗತಿಯವನು. ಮೊಬೈಲಿನಲ್ಲಿ ನಾಲ್ಕಾರು ಫೋಟೋ ಹೊಡೆದು, ಬುರುಜಿನ ಮೇಲೆ ಹತ್ತಿ ಇಳಿದು, ನಮ್ಮ ಹತ್ತಿರ ಬಂದು ಕೇಳಿದ:

"ಮಾಮೂ, ಇದನ್ನ ಒಡೆದದ್ದು ಯಾರು?"

"ಯಾರೂ ಒಡೆದದ್ದಲ್ಲ. ನೋಡಿಕೊಳ್ಳುವವರಿಲ್ಲದೆ ಬಿದ್ದುಹೋದದ್ದು" ಎಂದೆವು.

ಅವನಿಗೆ ಸಮಾಧಾನವಾಗಲಿಲ್ಲ. "ಯಾರಾದ್ರೂ ಒಡೆದಿರ್ಲೇಬೇಕಲ್ಲ. ನಮ್ಮವರಾ, ಅವರಾ?"

ಈ ಪ್ರಶ್ನೆಯನ್ನು ಹುಡುಗ ಹುಟ್ಟುವಾಗಲೇ ತಂದದ್ದಲ್ಲ. ಅದು ಶಾಲೆಯ ಅಂಗಳದಿಂದಲೋ ಮೊಬೈಲಿನಿಂದಲೋ ನಮ್ಮಂಥ ದೊಡ್ಡವರ ಜಗಲಿಯ ಮಾತಿನಿಂದಲೋ ಅವನಿಗೆ ಅಂಟಿದ್ದು. ಒಂದು ಪಾಳು ಗೋಡೆ ಕಂಡ ಕೂಡಲೇ ಅದರ ಹಿಂದೆ ಒಬ್ಬ ಆರೋಪಿಯನ್ನು ಹುಡುಕುವುದನ್ನು ನಮ್ಮ ಕಾಲ ಮಕ್ಕಳಿಗೆ ಕಲಿಸಿಬಿಟ್ಟಿದೆ. ವಾಪಸು ಬರುವಾಗ ದಾರಿಯುದ್ದಕ್ಕೂ ನಮಗೆ ಕನ್ನಡದ ಎರಡು ಕ್ರಿಯಾಪದಗಳು ಕಾಡಿದವು. ಒಂದು ಕೆಡವುವುದು, ಇನ್ನೊಂದು ಕೆಡುವುದು. ಕೆಡವಲು ಒಬ್ಬ ಬೇಕು. ಕೆಡಲು ಯಾರೂ ಬೇಡ. ಹಾಲು ತಾನಾಗಿ ಕೆಡುತ್ತದೆ, ಸಂಬಂಧವೂ ಹಾಗೆಯೇ, ರಾಜ್ಯವೂ ಹಾಗೆಯೇ. ನಾಡು ಕೆಟ್ಟ ಕಾಲದಲ್ಲಿ ರಾಜಕಾರಣ ಸದಾ ಮೊದಲನೆಯ ಪ್ರಶ್ನೆ ಕೇಳುತ್ತದೆ: ಕೆಡವಿದವರು ಯಾರು? ಒಳ್ಳೆಯ ಕಾವ್ಯ, ಒಳ್ಳೆಯ ನಾಟಕ, ಒಳ್ಳೆಯ ಆಟ ಎರಡನೆಯದನ್ನು ಕೇಳುತ್ತವೆ: ಕೆಟ್ಟದ್ದು ಹೇಗೆ? ಪಾಳು ಬಿದ್ದ ಕೋಟೆ, ಕೊಳೆತ ಹೆಣ, ಹಳೆಯ ಪುರಾಣ ಇವು ಇಬ್ಬರ ಕೈಯಲ್ಲೂ ಇರುವ ಸಾಮಗ್ರಿಗಳೇ. ವ್ಯತ್ಯಾಸವಿರುವುದು ಪ್ರಶ್ನೆಯಲ್ಲಿ.

ನಮ್ಮ ಕರಾವಳಿಯಲ್ಲಿ ಪಾಳಿಗೆ ಕೊರತೆಯಿಲ್ಲ. ಮಿರ್ಜಾನ್ ಕೋಟೆಯಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಇದ್ದಳೆಂದು ಜನ ಹೇಳುತ್ತಾರೆ. ಬಿಜಾಪುರದ ಕಡೆಯ ಅಧಿಕಾರಿ ಷರೀಫ್-ಉಲ್-ಮುಲ್ಕ್ ಕಟ್ಟಿಸಿದ್ದೆಂಬ ಮಾತೂ ಇದೆ. ಆ ರಾಣಿಯ ಊರು ಗೇರುಸೊಪ್ಪೆ ಹೊನ್ನಾವರ ತಾಲೂಕಿನಲ್ಲಿದೆ. ಶರಾವತಿಯ ದಡದ ಕಾಡಿನೊಳಗೆ, ನಗರಬಸ್ತಿಕೇರಿಯಲ್ಲಿ, ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ನಿಂತಿದೆ. ಸುತ್ತ ಒಂದು ಕಾಲಕ್ಕೆ ಪೇಟೆಯಿತ್ತು ಎಂದರೆ ಇವತ್ತು ನಂಬುವುದು ಕಷ್ಟ. ಹದಿನಾರನೇ ಶತಮಾನದ ಉತ್ತರಾರ್ಧದಲ್ಲಿ ಅರ್ಧ ಶತಮಾನದಷ್ಟು ಕಾಲ ಆಳಿದ ಈ ಜೈನ ರಾಣಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಭಟ್ಕಳ, ಹೊನ್ನಾವರ, ಮಿರ್ಜಾನ್ ಬಂದರುಗಳಿಂದ ಅವಳ ಮೆಣಸು ಹಡಗು ಹತ್ತುತ್ತಿತ್ತು.

ಆ ರಾಜ್ಯ ಏನಾಯಿತು? ಪೋರ್ಚುಗೀಸರು 1542ರಲ್ಲಿ ಭಟ್ಕಳವನ್ನು ಸುಟ್ಟಿದ್ದರು. 1565ರಲ್ಲಿ ವಿಜಯನಗರ ಸೋತಾಗ ಕರಾವಳಿಯ ಚಿಕ್ಕ ರಾಜ್ಯಗಳ ತಲೆಯ ಮೇಲಿನ ಕೊಡೆ ಹೋಯಿತು. ಕೊನೆಗೆ ರಾಣಿಯನ್ನು ಸೆರೆಹಿಡಿದದ್ದು ಬಿಜಾಪುರದವರೂ ಅಲ್ಲ, ಪೋರ್ಚುಗೀಸರೂ ಅಲ್ಲ, ಘಟ್ಟದ ಮೇಲಿನ ಕೆಳದಿಯ ನಾಯಕರು. ಮೆಣಸಿನ ಲಾಭ, ಸಮುದ್ರದ ಮೇಲಿನ ಹಿಡಿತ, ನೆರೆಯವರ ಆಸೆ, ಹಳೆಯ ಸಾಮ್ರಾಜ್ಯದ ಕುಸಿತ ಇಷ್ಟೆಲ್ಲ ಸೇರಿ ಒಂದು ಪೇಟೆಯನ್ನು ಕಾಡು ಮಾಡಿದವು. ಇದರಲ್ಲಿ 'ನಮ್ಮವರಾ, ಅವರಾ' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಸಿಕ್ಕರೂ ಅದು ಸುಳ್ಳು ಉತ್ತರ.

ಇನ್ನೂ ಹಿಂದಕ್ಕೆ ಹೋದರೆ ಇಬ್ನ್ ಬತೂತಾ ಸಿಗುತ್ತಾರೆ. ಹದಿನಾಲ್ಕನೇ ಶತಮಾನದ ನಡುವೆ ಹೊನ್ನಾವರಕ್ಕೆ ಬಂದಿದ್ದ ಈ ಮೊರಾಕ್ಕೋದ ಪ್ರವಾಸಿ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದರು. ಅಲ್ಲಿನ ಸುಲ್ತಾನ ಜಮಾಲುದ್ದೀನ್ ಒಬ್ಬ ಹಿಂದೂ ದೊರೆಗೆ ಅಧೀನನಾಗಿದ್ದನೆಂದೂ ಬರೆದರು. ನಮ್ಮ ಸಭೆಗಳಲ್ಲಿ ಈ 13 ಶಾಲೆಗಳ ಮಾತು ಆಗಾಗ ಬರುತ್ತದೆ. ಹೇಳುವವರ ದನಿಯಲ್ಲಿ ಹೆಮ್ಮೆಯಿರುತ್ತದೆ. ಆದರೆ ಆ ಶಾಲೆಗಳು ಎಲ್ಲಿ ಹೋದವು, ಅವನ್ನು ಯಾರೂ ಕೆಡವಿದ್ದು ದಾಖಲೆಯಲ್ಲಿಲ್ಲವಲ್ಲ, ನಾವೇ ಬಿಟ್ಟೆವೇ ಎಂದು ಯಾವ ಭಾಷಣಕಾರರೂ ಕೇಳಿದ್ದನ್ನು ನಾವು ಕೇಳಿಲ್ಲ. ಗತವೈಭವದ ಮಾತಿನಲ್ಲೂ ಅದೇ ರೋಗ. ವೈಭವ ನಮ್ಮದು, ಪತನ ಮಾತ್ರ ಪರರದ್ದು.

ಈ ಎರಡನೆಯ ಪ್ರಶ್ನೆಯನ್ನು ನಮಗೆ ಮೊದಲು ಕಲಿಸಿದ್ದು ಪುಸ್ತಕವಲ್ಲ, ಯಕ್ಷಗಾನ. ನಮ್ಮ ಅಬ್ಬಾನಿಗೆ ಹೊನ್ನಾವರ ಪೇಟೆಯಲ್ಲಿ ಗೋಲಿ ಸೋಡಾದ ಚಿಕ್ಕ ಅಂಗಡಿಯಿತ್ತು. ಆಟ ಇದ್ದ ರಾತ್ರಿ ಸೋಡಾ ಕ್ರೇಟುಗಳನ್ನು ಕೈಗಾಡಿಗೆ ಹೇರಿಕೊಂಡು ಬಯಲಿಗೆ ಹೋಗುತ್ತಿದ್ದರು. ಜೊತೆಗೆ ನಾವು. ಹೊನ್ನಾವರ ಯಕ್ಷಗಾನದ ತವರು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ, ಅವರ ಮಗ ಶಂಭು ಹೆಗಡೆಯವರು, ಹೊಸಾಕುಳಿಯಲ್ಲಿ ಹುಟ್ಟಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇವರ ಹೆಸರುಗಳು ನಮಗೆ ಕ್ರಿಕೆಟ್ ಆಟಗಾರರ ಹೆಸರಿಗಿಂತ ಮೊದಲು ಗೊತ್ತಿದ್ದವು. ನಡುರಾತ್ರಿ ಕೈಗಾಡಿಯ ಕೆಳಗೆ ಗೋಣಿ ಹಾಸಿ ಮಲಗಿದರೆ, ಬೆಳಗಿನ ಜಾವ ಚಂಡೆಯ ಸದ್ದಿಗೆ ಎಚ್ಚರ. ಎದ್ದು ನೋಡಿದರೆ ರಂಗಸ್ಥಳದಲ್ಲಿ ಕೌರವ ಒಬ್ಬನೇ ಇರುತ್ತಿದ್ದ.

ಗದಾಯುದ್ಧದ ಕತೆ ಕನ್ನಡಿಗರಿಗೆ ಹೇಳಬೇಕಿಲ್ಲ. ಹದಿನೆಂಟು ದಿನದ ಯುದ್ಧ ಮುಗಿದಿದೆ. ತಮ್ಮಂದಿರು ಸತ್ತಿದ್ದಾರೆ, ಕರ್ಣ ಸತ್ತಿದ್ದಾನೆ, ಮಗನೂ ಸತ್ತಿದ್ದಾನೆ. ಕೌರವ ವೈಶಂಪಾಯನ ಸರೋವರದ ನೀರೊಳಗೆ ಅಡಗಿದ್ದಾನೆ. ಭೀಮನ ಹಂಗಿಸುವ ಮಾತಿಗೆ ತಡೆಯಲಾರದೆ ಎದ್ದುಬರುತ್ತಾನೆ. ಹತ್ತನೇ ಶತಮಾನದ ಕವಿ ರನ್ನ ಇದಕ್ಕೂ ಮೊದಲು ಕೌರವನನ್ನು ಸಂಜಯನ ಜೊತೆ ರಣಭೂಮಿಯಲ್ಲಿ ನಡೆಸುತ್ತಾನೆ. ಹೆಣಗಳ ನಡುವೆ ದಾರಿ ಹುಡುಕುತ್ತ, ತನ್ನ ಗುರುವಿನ, ತಮ್ಮನ, ಮಗನ, ಗೆಳೆಯನ ಶವಗಳ ಮುಂದೆ ಒಂದೊಂದಾಗಿ ಅವನು ನಿಲ್ಲುತ್ತಾನೆ. ಕನ್ನಡದಲ್ಲಿ ರಾಜಕೀಯ ಪತನವನ್ನು ಕೊಳೆಯುವ ದೇಹಗಳ ಮೂಲಕ ಕಾಣಿಸಿದ ಇಷ್ಟು ಹಳೆಯ, ಇಷ್ಟು ದೊಡ್ಡ ಚಿತ್ರ ಇನ್ನೊಂದಿಲ್ಲ. ರನ್ನನ ಆಶ್ರಯದಾತ ಚಾಳುಕ್ಯ ಸತ್ಯಾಶ್ರಯ. ಕಾವ್ಯದಲ್ಲಿ ಅವನು ಭೀಮನ ಜಾಗದಲ್ಲಿದ್ದಾನೆ. ಆದರೂ ಓದುವವರ ಮನಸ್ಸು ಸೋತವನ ಹಿಂದೆ ಹೋಗುತ್ತದೆ. ಗೆದ್ದ ಅರಸನ ಆಸ್ಥಾನದಲ್ಲೇ ಕುಳಿತು, ಗೆದ್ದ ಅರಸನಿಗೇ, ಆಳುವವರು ಹೇಗೆ ಕೆಡುತ್ತಾರೆಂದು ಹೇಳುವ ಉಪಾಯ ಅದು.

ಚಿಟ್ಟಾಣಿಯವರ ಭಸ್ಮಾಸುರನನ್ನು ನೋಡಿದವರಿಗೂ ಇದು ತಿಳಿದೀತು. ಎಲ್ಲರ ಕಣ್ಣು ಅಸುರನ ಮೇಲೆ. ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾಗುವ ತನಕ ಆ ಕುಣಿತ ಕಣ್ಣು ಕೀಳಲು ಬಿಡುವುದಿಲ್ಲ. ಆಟ ಮುಗಿದು ಮನೆಗೆ ನಡೆಯುವಾಗ ಮಾತ್ರ ಒಂದು ಸಂಶಯ ಹುಟ್ಟುತ್ತದೆ. ಇವನಿಗೆ ಆ ವರ ಕೊಟ್ಟವರು ಯಾರು? ಪ್ರಜಾಪ್ರಭುತ್ವದಲ್ಲಿ ವರ ಕೊಡುವವರು ನಾವೇ ಅಲ್ಲವೇ?

ಉರ್ದು ಶಾಲೆಯಲ್ಲಿ ಓದುವಾಗ ನಮಗೆ ಇನ್ನೊಂದು ಬಾಗಿಲು ತೆರೆಯಿತು. 'ಶಹರ್ ಆಶೋಬ್' ಎಂಬ ಕಾವ್ಯಪ್ರಕಾರ ಉರ್ದುವಿನಲ್ಲಿದೆ. ಹಾಳಾದ ಪಟ್ಟಣದ ಗೋಳು ಎಂದು ಸ್ಥೂಲವಾಗಿ ಹೇಳಬಹುದು. 1739ರಲ್ಲಿ ನಾದಿರ್ ಷಾ ದೆಹಲಿಯನ್ನು ಸೂರೆಮಾಡಿದ, ಮುಂದೆ ಅಬ್ದಾಲಿಯ ದಂಡು ಮತ್ತೆ ಮತ್ತೆ ಬಂತು. ಆ ಕಾಲದಲ್ಲಿ ಸೌದಾ, ಮೀರ್‌ ಮುಂತಾದವರು ಈ ಬಗೆಯ ಪದ್ಯ ಬರೆದರು. ಬೈಯಲು ಅವರಿಗೆ ಹೊರಗಿನ ದಾಳಿಕೋರರು ಬೇಕಾದಷ್ಟಿದ್ದರು. ಆದರೆ ಕವಿಗಳ ಚಾಟಿ ಹೆಚ್ಚಾಗಿ ಬಿದ್ದದ್ದು ಒಳಗಿನವರ ಮೇಲೆ: ಸಂಬಳ ಕೊಡಲಾಗದ ಅಮೀರರು, ಕುದುರೆ ಅಡವಿಟ್ಟ ಸಿಪಾಯಿಗಳು, ಬೆಲೆಯಿಲ್ಲದ ವಿದ್ಯೆ, ಕೆಲಸವಿಲ್ಲದ ಕಸುಬುದಾರರು. ಒಂದು ಊರು ಹೇಗೆ ಕೆಟ್ಟಿತೆಂಬುದನ್ನು ಕಸುಬು ಕಸುಬಾಗಿ ಲೆಕ್ಕ ಹಾಕಿಟ್ಟ ಕಾವ್ಯವದು. ಅದೇ ನಾದಿರ್ ಷಾನನ್ನು ಪಿ. ಲಂಕೇಶರು ಕನ್ನಡಕ್ಕೆ ತಂದರು. ಅವರ 'ಗುಣಮುಖ' ನಾಟಕದಲ್ಲಿ ದೆಹಲಿ ಗೆದ್ದ ನಾದಿರ್ ಷಾ ರೋಗಿ. ಅಧಿಕಾರವೇ ರೋಗವಾಗಿ ಅವನ ಮೈಯಲ್ಲಿ ಕುಳಿತಿದೆ. ಅವನಿಗೆ ಚಿಕಿತ್ಸೆ ಕೊಡುವವರು ಹಕೀಮ್ ಅಲಾವಿಖಾನ್. ರೋಗದ ಹೆಸರನ್ನು ರೋಗಿಯ ಮುಖಕ್ಕೇ ಹೇಳಬಲ್ಲ ವೈದ್ಯ ಅವರು. ನಮ್ಮ ಮಟ್ಟಿಗೆ ಲೇಖಕನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ರೂಪಕ ಸಿಕ್ಕಿಲ್ಲ.

ಗಿರೀಶ್ ಕಾರ್ನಾಡರ 'ತುಘಲಕ್' ಬಂದದ್ದು 1964ರಲ್ಲಿ. ನೆಹರೂ ತೀರಿಕೊಂಡ ವರ್ಷವೂ ಅದೇ. ದೊಡ್ಡ ಕನಸು ಕಂಡ, ಬಹಳ ಓದಿದ, ಹಿಂದೂ ಮುಸ್ಲಿಮರನ್ನು ಸಮನಾಗಿ ಕಾಣಬೇಕೆಂದ ಒಬ್ಬ ಸುಲ್ತಾನ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಎಳೆದು, ತಾಮ್ರದ ನಾಣ್ಯ ಠಂಕಿಸಿ, ಕೊನೆಗೆ ತನ್ನ ಸುತ್ತ ಶವಗಳನ್ನೇ ಪೇರಿಸಿಕೊಳ್ಳುವ ಕತೆ. ಹದಿನಾಲ್ಕನೇ ಶತಮಾನದ ಆ ಕತೆಯಲ್ಲಿ ಆಗಿನ ಪ್ರೇಕ್ಷಕರು ತಮ್ಮ ಕಾಲದ ಭ್ರಮನಿರಸನವನ್ನು ಕಂಡರು. ನಮ್ಮ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅದೇ ತುಘಲಕನ ದೆಹಲಿಯಲ್ಲಿ ಕಾಜಿಯಾಗಿದ್ದವರು. ಸುಲ್ತಾನನ ಬಾಗಿಲಲ್ಲಿ ದಾನವೂ ಮರಣದಂಡನೆಯೂ ಒಟ್ಟಿಗೆ ಇರುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು.

ಕಾರ್ನಾಡರ ನಾಟಕವನ್ನು ಬಿ.ವಿ. ಕಾರಂತರು ಉರ್ದುವಿಗೆ ತಂದರು. 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿಯವರು ಅದನ್ನು ದೆಹಲಿಯ ಪುರಾನಾ ಕಿಲಾದ ಪಾಳುಗೋಡೆಗಳ ನಡುವೆ ಆಡಿಸಿದರು. ಅದಕ್ಕೂ ಮೊದಲು, 1963ರಲ್ಲಿ, ಇದೇ ಅಲ್ಕಾಜಿಯವರು ಧರ್ಮವೀರ ಭಾರತಿಯವರ 'ಅಂಧಾ ಯುಗ್' ನಾಟಕವನ್ನು ಫಿರೋಜ್ ಷಾ ಕೋಟ್ಲಾದ ಅವಶೇಷಗಳಲ್ಲಿ ಆಡಿಸಿದ್ದರು. ದೇಶವಿಭಜನೆಯ ರಕ್ತ ಆರುವ ಮೊದಲೇ ಹುಟ್ಟಿದ ಆ ನಾಟಕದ ವಸ್ತು ಮಹಾಭಾರತ ಯುದ್ಧದ ಕೊನೆಯ ದಿನ, ಅಂದರೆ ನಮ್ಮ ಬಯಲಿನ ಗದಾಯುದ್ಧದ್ದೇ ದಿನ. ಚೀನಾ ಯುದ್ಧದ ಸೋಲಿನ ಮರುವರ್ಷ ಅದನ್ನು ನೋಡಲು ಸ್ವತಃ ನೆಹರೂ ಬಂದಿದ್ದರು. ಫಿರೋಜ್ ಷಾ ಎಂದರೆ ತುಘಲಕನ ನಂತರ ಪಟ್ಟಕ್ಕೆ ಬಂದವನು. ಪುರಾನಾ ಕಿಲಾ ಇರುವ ಜಾಗವೇ ಪಾಂಡವರ ಇಂದ್ರಪ್ರಸ್ಥ ಎಂದು ಜನ ನಂಬುತ್ತಾರೆ. ಅಂದರೆ ತುಘಲಕ್ ವಂಶದ ಕೋಟೆಯಲ್ಲಿ ಮಹಾಭಾರತ ನಡೆಯಿತು, ಪಾಂಡವರ ಜಾಗದಲ್ಲಿ ತುಘಲಕ್ ನಡೆಯಿತು. ಆಡಿಸಿದವರು ಪುಣೆಯಲ್ಲಿ ಅರಬ್ ತಂದೆಗೆ ಹುಟ್ಟಿದವರು. ಬರೆದವರಲ್ಲಿ ಒಬ್ಬರು ಕನ್ನಡದವರು, ಒಬ್ಬರು ಹಿಂದಿಯವರು. ಆ ರಾತ್ರಿಗಳಲ್ಲಿ ಈ ಗೋಡೆ ಯಾರದು, ಈ ಕತೆ ಯಾರದು ಎಂಬ ಪ್ರಶ್ನೆಗಿಂತ ನಮ್ಮ ಗಣರಾಜ್ಯಕ್ಕೆ ಏನಾಗುತ್ತಿದೆ ಎಂಬ ಪ್ರಶ್ನೆ ದೊಡ್ಡದಾಗಿತ್ತು. ಇವತ್ತು ಅದೇ ದೇಶದಲ್ಲಿ ಯಾವ ಪಾಳಿನ ಕೆಳಗೆ ಏನಿದೆಯೆಂದು ಅಗೆದು ನೋಡಲು ನ್ಯಾಯಾಲಯಗಳ ಮುಂದೆ ಅರ್ಜಿಗಳ ಸಾಲಿದೆ.

ಇಷ್ಟೆಲ್ಲ ದೆಹಲಿಯ ಮಾತು ಯಾಕೆಂದರೆ, ನಮ್ಮೂರಿನ ಮಾತು ಆಡುವುದು ಕಷ್ಟ. ಆದರೂ ಆಡಲೇಬೇಕು.

2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಗಲಾಟೆಯಾಯಿತು. ಅದೇ ಹೊತ್ತಿಗೆ ಕಾಣೆಯಾಗಿದ್ದ ಒಬ್ಬ ಯುವಕನ ಶವ ಡಿಸೆಂಬರ್ 8ರಂದು ಊರಿನ ಕೆರೆಯಲ್ಲಿ ಸಿಕ್ಕಿತು. ನೀರಿನಲ್ಲಿದ್ದ ದೇಹ ಬಣ್ಣಗೆಟ್ಟಿತ್ತು. ಆ ಬಣ್ಣವನ್ನು ನೋಡಿ ಜನ ಒಂದೊಂದು ಕತೆ ಕಟ್ಟಿದರು. ಚಿತ್ರಹಿಂಸೆ ಎಂದರು, ಇನ್ನೂ ಏನೇನೋ ಅಂದರು. ಶವಪರೀಕ್ಷೆ ನಡೆಸಿದ ವೈದ್ಯರು ಆಯುಧದ ಗಾಯಗಳಿಲ್ಲವೆಂದೂ ಮೈಯ ಬಣ್ಣ ಬದಲಾದದ್ದು ಕೊಳೆತದ್ದರಿಂದ ಎಂದೂ ಪೊಲೀಸರಿಗೆ ತಿಳಿಸಿದರು. ಅದನ್ನು ಕೇಳುವ ಕಿವಿಗಳಿರಲಿಲ್ಲ. ಹೊನ್ನಾವರ ಹೊತ್ತಿತು. ಕುಮಟೆಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ವಾಹನಕ್ಕೇ ಬೆಂಕಿ ಬಿತ್ತು. ಕಿಚ್ಚು ಶಿರಸಿಗೂ ಹಬ್ಬಿತು. ಮುಂದಿನ ವರ್ಷ ವಿಧಾನಸಭಾ ಚುನಾವಣೆಯಿತ್ತು. ತನಿಖೆ ಸಿಬಿಐಗೆ ಹೋಯಿತು. 2022ರಲ್ಲಿ ಸಿಬಿಐ ಅದು ಆಕಸ್ಮಿಕ ಸಾವೆಂದು ವರದಿ ಸಲ್ಲಿಸಿತು. ಆ ಹೊತ್ತಿಗೆ ಸುಟ್ಟದ್ದು ಸುಟ್ಟಿತ್ತು.

ಒಂದು ಮನೆಯ ಮಗ ಹೋದ. ಆ ಮನೆಯ ದುಃಖವನ್ನು ಯಾವ ವರದಿಯೂ ಕಡಿಮೆ ಮಾಡಲಾರದು. ನಾವು ಹೇಳುತ್ತಿರುವುದು ಬೇರೆ. ಕೊಳೆಯುವುದು ದೇಹದ ಧರ್ಮ. ಅದನ್ನೂ ಕೂಡ ನಾವು 'ಯಾರೋ ಮಾಡಿದ್ದು' ಎಂದೇ ಓದುವಷ್ಟು ಕೆಟ್ಟಿದ್ದೆವು. ಸಂದೇಹದಲ್ಲಿ ಕೊಳೆತಿದ್ದ ಊರು ತನ್ನ ಕೊಳೆಯನ್ನು ಒಬ್ಬ ಬಡ ಹುಡುಗನ ಮೈಮೇಲೆ ಕಂಡಿತು.

ಆಗ ನಮಗೆ ಅನಂತಮೂರ್ತಿಯವರ 'ಸಂಸ್ಕಾರ' ನೆನಪಾಗಿತ್ತು. 1965ರಲ್ಲಿ ಬಂದ ಆ ಕಾದಂಬರಿಯಲ್ಲೂ ಒಂದು ಹೆಣವಿದೆ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಕರ್ಮ ಮಾಡುವವರು ಯಾರೆಂಬ ತೀರ್ಮಾನವಾಗದೆ ಹೆಣ ನಾರುತ್ತದೆ. ಸತ್ತವನು ಕೆಟ್ಟವನು, ಆದ್ದರಿಂದ ನಾತ ಅವನದ್ದೇ ಎಂದು ಎಲ್ಲರ ನಂಬಿಕೆ. ಓದುತ್ತ ಓದುತ್ತ ನಾತ ಎಲ್ಲಿಯದೆಂದು ನಮಗೆ ತಿಳಿಯುತ್ತದೆ. ಅಗ್ರಹಾರಕ್ಕೆ ಪ್ಲೇಗು ಬಂದಿದೆ, ಇಲಿಗಳು ಸಾಯುತ್ತಿವೆ, ಚಂದ್ರಿ ಬಿಚ್ಚಿಟ್ಟ ಚಿನ್ನದ ಮೇಲೆ ಎಲ್ಲರ ಕಣ್ಣಿದೆ. ಕೊನೆಗೆ ರಾತ್ರೋರಾತ್ರಿ ಚಂದ್ರಿಯ ಮಾತಿಗೆ ಓಗೊಟ್ಟು ಆ ಹೆಣವನ್ನು ಸುಡುವವನು ಅಹ್ಮದ್ ಬ್ಯಾರಿ. ಕಾದಂಬರಿಯಲ್ಲಿ ಅವನದು ಚಿಕ್ಕ ಪಾತ್ರ. ಹಿಂದೊಮ್ಮೆ ನಾರಣಪ್ಪ ಮಾಡಿದ ಸಹಾಯವನ್ನು ನೆನೆದು ಗಾಡಿ ತಂದು ಹೆಣ ಸಾಗಿಸುತ್ತಾನೆ. ಅವನು ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ಇದನ್ನು ಆಧರಿಸಿದ ಸಿನಿಮಾವನ್ನು 1970ರಲ್ಲಿ ಮೊದಲು ಸೆನ್ಸಾರಿನವರು ತಡೆದರು. ಬಿಡುಗಡೆಯಾದ ಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ತನ್ನವರ ಕೊಳೆಯನ್ನು ತೋರಿಸಿದ ಲೇಖಕನ ಮೇಲೆ ಅವರ ಸಮುದಾಯದ ಕೆಲವರು ಸಿಟ್ಟಾದರು. ಆದರೆ ಆ ಧೈರ್ಯವಿಲ್ಲದೆ ಆ ಕಾದಂಬರಿ ಇಲ್ಲ.

ಆ ಧೈರ್ಯ ನಮಗಿತ್ತೇ?

2018ರಲ್ಲಿ ನಾವೊಂದು ಕತೆ ಬರೆದೆವು. ಕೌರವನ ವೇಷ ಕಟ್ಟುವ ಮುದಿ ಕಲಾವಿದನೊಬ್ಬ ಕೆರೆಯಿಂದ ಎದ್ದುಬರುವ ಸನ್ನಿವೇಶದಲ್ಲಿ ಎದ್ದುಬರಲು ಒಪ್ಪದೆ ರಂಗದ ಮೇಲೆ ಕುಳಿತೇಬಿಡುತ್ತಾನೆ. ಹೊರಗೆ ಊರು ಉರಿಯುತ್ತಿದೆ. ಒಂದು ಪತ್ರಿಕೆಗೆ ಕಳಿಸಿದೆವು. ಕತೆ ವಾಪಸು ಬಂತು. ನಿಮ್ಮ ಸಮುದಾಯದ ಬದುಕಿನ ಕತೆಯಿದ್ದರೆ ಕಳಿಸಿ, ಪುರಾಣದ ವಸ್ತುವಿಗೆ ಬೇರೆಯವರಿದ್ದಾರೆ ಎಂಬರ್ಥದ ಎರಡು ಸಾಲು ಜೊತೆಗಿದ್ದವು. ನಮ್ಮ ಮೊಹಲ್ಲಾದ ಹಿರಿಯರೊಬ್ಬರು ಇದನ್ನು ಕೇಳಿ, "ಅವರ ಪುರಾಣ ನಿಮಗ್ಯಾಕೆ ಮಿಯಾ? ನಮ್ಮಲ್ಲಿ ಕತೆಗಳಿಲ್ಲವಾ?" ಎಂದರು. ಎರಡೂ ಕಡೆಯಿಂದ ಒಂದೇ ಗೇಟು ಮುಚ್ಚಿತ್ತು.

ಇಬ್ಬರಿಗೂ ಉತ್ತರ ನಮ್ಮಲ್ಲಿತ್ತು. ಮಹಾಭಾರತವನ್ನು ಕನ್ನಡದಲ್ಲಿ ಮೊದಲು ದೊಡ್ಡದಾಗಿ ಹೇಳಿದ ಪಂಪನೂ ಜೈನ, ಗದಾಯುದ್ಧ ಬರೆದ ರನ್ನನೂ ಜೈನ. ರನ್ನ ಹುಟ್ಟಿದ್ದು ಬಳೆಗಾರರ ಮನೆಯಲ್ಲಿ. ಈ ಕತೆ ನಿಮ್ಮದಲ್ಲವೆಂದು ಕನ್ನಡ ಅವರಿಗೆ ಹೇಳಲಿಲ್ಲ. ಇವತ್ತಿಗೂ ಸಂಪಾಜೆಯ ಜಬ್ಬಾರ್ ಸಮೋ ಅವರು ತಾಳಮದ್ದಲೆಯಲ್ಲಿ ಪುರಾಣದ ಪಾತ್ರಗಳಿಗೆ ಅರ್ಥ ಹೇಳುವಾಗ ಜನ ಕಿವಿಗೊಟ್ಟು ಕೇಳುತ್ತಾರೆ. ಇನ್ನು ನಮ್ಮ ಹಿರಿಯರಿಗೆ: ಕುರ್‌ಆನಿನಲ್ಲಿ ಆದ್, ಸಮೂದ್ ಜನಾಂಗಗಳ ಕತೆ, ಫಿರ್‌ಔನನ ಕತೆ ಮತ್ತೆ ಮತ್ತೆ ಯಾಕೆ ಬರುತ್ತದೆ? ಭೂಮಿಯಲ್ಲಿ ನಡೆದಾಡಿ ಹಿಂದಿನವರ ಗತಿಯನ್ನು ನೋಡಿರೆಂದು ಯಾಕೆ ಹೇಳಲಾಗಿದೆ? ಬಂಡೆ ಕೊರೆದು ಮನೆ ಮಾಡಿಕೊಂಡವರ ಪಾಳನ್ನು ತೋರಿಸುವುದು ಅವರನ್ನು ಬೈಯಲಿಕ್ಕಲ್ಲ, ನೋಡುತ್ತಿರುವವರು ತಮ್ಮನ್ನು ತಾವು ನೋಡಿಕೊಳ್ಳಲಿಕ್ಕೆ. ಪುರಾಣ ಯಾರದ್ದೇ ಇರಲಿ, ಅದರ ಕೆಲಸ ಇದೇ.

ಉತ್ತರವೇನೋ ಸಿದ್ಧವಿತ್ತು. ಆದರೆ ಕತೆಯನ್ನು ಮತ್ತೆ ಓದಿದಾಗ ನಮಗೆ ನಾಚಿಕೆಯಾಯಿತು. ಅದರಲ್ಲಿ ಉರಿಸುವವರೆಲ್ಲ ಒಂದೇ ಕಡೆಯವರು, ನರಳುವವರೆಲ್ಲ ಇನ್ನೊಂದೇ ಕಡೆಯವರು. ನಾವು ಕೌರವನನ್ನು ಕರೆತಂದದ್ದು ಅವರ ಮುಖಕ್ಕೆ ಹಿಡಿಯಲು, ನಮ್ಮ ಮುಖಕ್ಕಲ್ಲ. ಕತೆಯುದ್ದಕ್ಕೂ ನಾವು ಕೇಳಿದ್ದು ಅದೇ ಮೊದಲನೆಯ ಪ್ರಶ್ನೆಯನ್ನು. ಕತೆ ವಾಪಸು ಬಂದದ್ದು ತಪ್ಪು ಕಾರಣಕ್ಕಿರಬಹುದು, ಆದರೆ ಬಂದದ್ದು ಸರಿಯೇ.

ಎರಡನೆಯ ಪ್ರಶ್ನೆ ನಮ್ಮ ಮನೆಯೊಳಗೇ ಇತ್ತು. 1993ರ ಏಪ್ರಿಲಿನಲ್ಲಿ ಭಟ್ಕಳದಲ್ಲಿ ಗಲಭೆ ಶುರುವಾದಾಗ ನಾವು ನಾನಿಯ ಮನೆಯಲ್ಲಿದ್ದೆವು. ಹನ್ನೆರಡು ವರ್ಷ. ತಿಂಗಳುಗಟ್ಟಲೆ ನಡೆದ ಆ ಗಲಭೆಯ ನೆನಪು ನಮಗೆ ಮುಚ್ಚಿದ ಕಿಟಕಿ, ಕರ್ಫ್ಯೂ ಸಡಿಲಿಸಿದಾಗ ಹಾಲಿಗೆ ಓಡುವುದು, ದೊಡ್ಡವರ ಪಿಸುಮಾತು. ಎರಡೂ ಕಡೆಯವರು ಸತ್ತರು. ಅಬ್ಬಾನ ಅಂಗಡಿಯಿದ್ದ ಹೊನ್ನಾವರದಲ್ಲಿ ನಮಗೆ ಯಾರೂ ಏನೂ ಮಾಡಲಿಲ್ಲ. ಒಂದು ಬಾಟಲಿಯೂ ಒಡೆಯಲಿಲ್ಲ. ಆದರೆ ಆ ವರ್ಷದ ಆಟಗಳಿಗೆ ಅಬ್ಬಾ ಕೈಗಾಡಿ ಹೊರಡಿಸಲಿಲ್ಲ. ಮರುವರ್ಷವೂ ಇಲ್ಲ. ಮತ್ತೆಂದೂ ಇಲ್ಲ. ನಾವು ಕೇಳಿದರೆ, "ನಿದ್ದೆ ಕೆಡ್ತದೆ ಬೇಟಾ" ಎನ್ನುತ್ತಿದ್ದರು.

ಅಬ್ಬಾನಿಗೆ ಭಾಗವತಿಕೆ ಮಾಡುವ ಹೆಗಡೆಯವರೊಬ್ಬರು ಗೆಳೆಯರಾಗಿದ್ದರು. ಆಟದ ನಡುವೆ ಬಂದು ನಿಂಬೆ ಸೋಡಾ ಕುಡಿದು, ದುಡ್ಡು ಕೊಡದೆ, ಬದಲಿಗೆ ನಮ್ಮನ್ನು ಚೌಕಿಗೆ ಕರೆದೊಯ್ದು ವೇಷ ಕಟ್ಟುವುದನ್ನು ತೋರಿಸುತ್ತಿದ್ದವರು. ಇಪ್ಪತ್ತು ವರ್ಷಕ್ಕೂ ಮೇಲಾಗಿ, ಅಬ್ಬಾ ಹಾಸಿಗೆ ಹಿಡಿದ ಮೇಲೆ, ಯಾರಿಂದಲೋ ಸುದ್ದಿ ತಿಳಿದು ಅವರು ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಹೆಗಡೆಯವರು ಕೇಳಿದರು:

"ಸಾಹೇಬ್ರೆ, ಮತ್ತೆ ಆಟಕ್ಕೆ ಬರ್ಲೇ ಇಲ್ಲಲ್ಲ?"

"ನೀವು ಕರೀಲಿಲ್ಲ ಹೆಗಡೇರೆ."

"ಮೊದ್ಲೆಲ್ಲ ಕರೀದೇ ಬರ್ತಿದ್ರಲ್ಲ."

ಅಬ್ಬಾ ಏನೂ ಹೇಳಲಿಲ್ಲ. ನಾವು ಚಹಾ ತಂದಿಟ್ಟೆವು. ಇಬ್ಬರೂ ಕುಡಿದರು.

ಈ ಗೆಳೆತನವನ್ನು ಕೆಡವಿದವರು ಯಾರು? ಯಾರೂ ಇಲ್ಲ. ಅದು ಕೆಟ್ಟಿತು. ಒಬ್ಬರು ಹೋಗಲಿಲ್ಲ, ಇನ್ನೊಬ್ಬರು ಕರೆಯಲಿಲ್ಲ, ನಡುವೆ ಇಪ್ಪತ್ತು ಮಳೆಗಾಲ ಹೋದವು. ಗಲಭೆ ಮಾಡಿಸಿದವರನ್ನು, ಅದರಿಂದ ಲಾಭ ಪಡೆದವರನ್ನು ಹೆಸರು ಹಿಡಿದು ಕೇಳಲೇಬೇಕು. ಅದು ಪತ್ರಕರ್ತರ, ತನಿಖಾ ಆಯೋಗಗಳ, ನ್ಯಾಯಾಲಯಗಳ ಕೆಲಸ, ಆ ಕೆಲಸ ಬಿಡಬಾರದು. ಆದರೆ ಬೆಂಕಿ ಬೀಳದ ಮನೆಗಳಲ್ಲೂ ಏನು ಕೆಟ್ಟಿತೆಂದು ಯಾವ ಆಯೋಗವೂ ಬರೆಯುವುದಿಲ್ಲ. ಅದನ್ನು ಬರೆಯಬೇಕಾದವರು ಕತೆಗಾರರು. ನಾವು ಆ ಕತೆಯನ್ನು ಹರಿದು ಹಾಕಿ ಮತ್ತೆ ಬರೆಯತೊಡಗಿದೆವು. ಈಗ ಅದರಲ್ಲಿ ಒಬ್ಬ ಸೋಡಾ ಮಾರುವವನಿದ್ದಾನೆ. ಕೆರೆಯೊಳಗೆ ಅಡಗಿ ಕುಳಿತವನು ಅವನು. ಕತೆ ಇನ್ನೂ ಮುಗಿದಿಲ್ಲ.

ಮಿರ್ಜಾನಿನಿಂದ ಬಂದ ಮೇಲೆ, ಹೊನ್ನಾವರದ ಹತ್ತಿರ ಗದಾಯುದ್ಧದ ಆಟವಿದೆಯೆಂದು ತಿಳಿದು, ಅಕ್ಕನ ಮಗನನ್ನು ಕರೆದುಕೊಂಡು ಹೋದೆವು. ಈಗ ಹಲವು ಆಟಗಳು ಕಾಲಮಿತಿಯವು, ಬೆಳಗಿನ ತನಕ ಕಾಯಬೇಕಿಲ್ಲ. ಬಯಲಿನಲ್ಲಿ ಗೋಲಿ ಸೋಡಾ ಇಲ್ಲ, ಪ್ಲಾಸ್ಟಿಕ್ ಬಾಟಲಿಯ ತಂಪು ಪಾನೀಯವಿತ್ತು. ಹುಡುಗ ಮೊದಲರ್ಧ ಮೊಬೈಲ್ ನೋಡಿದ. ಕೌರವ ನೀರಿನಿಂದ ಎದ್ದುಬಂದಾಗ ಮೊಬೈಲ್ ಕಿಸೆಗೆ ಹೋಯಿತು. ತೊಡೆ ಮುರಿದು ಬಿದ್ದವನನ್ನು ಬಿಟ್ಟು ಎಲ್ಲರೂ ಹೊರಟಾಗ ಅವನು ನಮ್ಮ ತೋಳು ಹಿಡಿದುಕೊಂಡಿದ್ದ.

ಬೈಕಿನ ಹಿಂದೆ ಕುಳಿತು, ಹೆದ್ದಾರಿಯ ಗಾಳಿಯಲ್ಲಿ ಕಿವಿಯ ಹತ್ತಿರ ಬಂದು ಕೇಳಿದ: "ಮಾಮೂ, ಅವನು ನೀರೊಳಗೇ ಕೂತಿದ್ರೆ ಬದುಕ್ತಿದ್ನಲ್ಲ. ಯಾಕೆ ಎದ್ದು ಬಂದ?"

ನಮ್ಮವರಾ, ಅವರಾ ಎಂದು ಕೇಳಲಿಲ್ಲ. ನಮಗೆ ಉತ್ತರ ಗೊತ್ತಿರಲಿಲ್ಲ. ಭಟ್ಕಳ ಬರುವ ತನಕ ಅದನ್ನೇ ಮಾತಾಡಿದೆವು.